ನೀಲಿ ವಿಳಾಸದ ಕೆಳಗೆ ಯಾರಿದ್ದಾರೆ

ಫೆಬ್ರವರಿ ೯

ಕಡ್ಡಿ,

ಮೊದಲು ನೆಟ್ಟಗೆ ಕೂತುಕೋ. ಹಾಸಿಗೆಯ ಮೇಲೆ ಉರುಳಿಕೊಂಡು ಈ ಕಾಗದ ಓದಬೇಡ. ಬೈಸಿಕೊಳ್ಳುವವರು ಮಲಗಿರಬಾರದು. ಕೈ ಏನು ಸೇದಿಹೋಗಿದೆಯೇ ನಿನಗೆ? ಔಷಧಿ ಅಂಗಡಿಯಲ್ಲಿ ನಿಂತು ಯಾರ್ಯಾರ ಕೆಮ್ಮಿಗೋ ಶೀಶೆ ಎತ್ತಿಕೊಡುತ್ತೀಯ, ಹೆತ್ತಪ್ಪನನ್ನು ಹೆತ್ತವಳಿಗೆ ನಾಲ್ಕು ಸಾಲು ಗೀಚಲು ಪುರುಸೊತ್ತಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿರುವುದು ನಡುಮನೆಯಲ್ಲಿ, ನಿನ್ನಪ್ಪನ ಕಿವಿ ಇರುವುದೂ ಅಲ್ಲೇ. ಕಂಪ್ಯೂಟರಿನಲ್ಲಿ ನಿನಗೆ ಬರೆದರೆ ಅವನ ಕಣ್ಣು ಬೀಳುತ್ತದೆ. ಅವನ ವಿಷಯವನ್ನು ಅವನೆದುರೇ ಬರೆಯಲು ನನಗೇನು ತಲೆ ಕೆಟ್ಟಿದೆಯೇ?

ವಿಷಯಕ್ಕೆ ಬರುತ್ತೇನೆ. ಹೋದ ಸಲ ಬಂದಾಗ ನನ್ನ ಬೆತ್ತದ ಶೆಡ್ಡಿಗೆಂದು ಕಂಪ್ಯೂಟರಿನಲ್ಲಿ ಒಂದು ಪುಟ ಕಟ್ಟಿಕೊಟ್ಟು ಹೋದೆ. ಕುರ್ಚಿಯ ಬೆತ್ತ ಹರಿದವರು ಅದರಲ್ಲಿ ತಮ್ಮ ಹೆಸರು, ವಿಳಾಸ, ಗೋಳು ತುಂಬಿ ಗುಂಡಿ ಒತ್ತುತ್ತಾರೆ, ನಿನಗೆ ಸಂದೇಶ ಬರುತ್ತದೆ ಎಂದೆ. ಬರುತ್ತಿದೆ, ಇಲ್ಲವೆನ್ನುವುದಿಲ್ಲ. ಹಲ್ಲಿನ ಡಾಕ್ಟರು ಬರೆದಿದ್ದಾರೆ, ಸಂಗೀತದ ಮೇಡಂ ಬರೆದಿದ್ದಾರೆ, ತಿಂಡಿ ಅಂಗಡಿಯವನು ಬರೆದಿದ್ದಾನೆ. ನಾನೂ ‘ಉತ್ತರ’ ಎಂದಿರುವಲ್ಲಿ ಒತ್ತಿ, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಎಲ್ಲರನ್ನೂ ಕೇಳಿದೆ: ಆ ಕುರ್ಚಿಯಲ್ಲಿ ಕೂರುವವರು ಯಾರು?

ನಿನಗೆ ಗೊತ್ತಿದೆ, ಕೂರುವವರು ಯಾರೆಂದು ತಿಳಿಯದೆ ನಾನು ಬೆತ್ತ ನೆನೆಹಾಕುವವಳಲ್ಲ. ಭಾರದವರಿಗೆ ಒಂದು ಎಳೆ, ಮಗುವಿಗೆ ಒಂದು ಎಳೆ. ಕಾಲು ಮಡಚಿ ಕೂರುವವರಿಗೆ ನಡುವೆ ಬಿಗಿ ಬೇಕು, ತುದಿಯಲ್ಲಿ ಕೂತು ಎದ್ದು ಓಡಲು ಕಾಯುವವರಿಗೆ ಮುಂದೆ ಬಿಗಿ ಬೇಕು. ಕುರ್ಚಿ ಹತ್ತಿ ಬಲ್ಬು ಹಾಕುವವರಿಗೆ ನಾನು ಹೆಣೆಯುವುದೇ ಇಲ್ಲ, ಏಣಿ ಕೊಳ್ಳಲಿ.

ಕೇಳಿದ್ದಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದೆ. ಸುಮ್ಮನಿದ್ದರು. ಆಮೇಲೆ ನನ್ನ ಪದ್ಧತಿಯಲ್ಲಿ ಕೇಳಿದೆ. ಆಗಲೂ ಸುಮ್ಮನಿದ್ದರು. ಓದು ಬಂದವರ ಮರ್ಯಾದೆಯೇ ಇಷ್ಟೋ ಏನೋ.

ನಿನ್ನಪ್ಪ ಇದನ್ನೆಲ್ಲ ನೋಡುತ್ತಿದ್ದಾನೆ. ಮೊನ್ನೆ ಡ್ರೈವಿಂಗ್ ಕಲಿಸಿ ಬಂದವನು ಶೆಡ್ಡಿನ ಬಾಗಿಲಲ್ಲಿ ನಿಂತು, “ಅಮ್ಮ, ಮಳೆ ಹಿಡ್ಕೊಳ್ಳೋದ್ರೊಳಗೆ ಕೆಲಸ ಬರ್ತಾ ಇದ್ರೆ ಶೆಡ್ ನಿಂದು. ಇಲ್ದಿದ್ರೆ ಕಾರು ಒಳಗೆ ಬರುತ್ತೆ, ನೀನು ಹೊರಗೆ ಬರ್ತೀಯ. ಆಮೇಲೆ ಮೂತಿ ಉಬ್ಬಿಸ್ಬಾರ್ದು,” ಎಂದ. ನಾನು ಮೂತಿ ಉಬ್ಬಿಸಲಿಲ್ಲ. ಅವನು ಆಚೆ ಹೋಗುವ ತನಕ ಕಾದೆ.

ಆ ಶೆಡ್ಡು ಹೋದರೆ ನಾನು ಮನೆಯೊಳಗೆ ಕೂತು ಏನು ಮಾಡಲಿ? ನಿನ್ನಮ್ಮನ ಅಡುಗೆಗೆ ಹೆಸರಿಡಲೇ? ಅದಕ್ಕೆ ಅರ್ಧ ಗಂಟೆ ಸಾಕು, ಉಳಿದ ದಿನ ಏನು ಮಾಡುವುದು? ಕಟ್ಟಿದವಳು ನೀನು. ಎಲ್ಲಿ ಸಿಕ್ಕಿಹಾಕಿಕೊಂಡಿದೆ ನೋಡು.

ಕೋಪದಲ್ಲಿರುವ,
ನಿನ್ನಜ್ಜಿ


ಫೆಬ್ರವರಿ ೨೦

ಅಜ್ಜಿ,

ನೆಟ್ಟಗೆ ಕೂತೇ ಓದಿದೆ. ತಪ್ಪು ಜನರದ್ದಲ್ಲ, ನನ್ನದು.

ಪುಟದಿಂದ ನಿನಗೆ ಸಂದೇಶ ಕಳಿಸುವುದು ನಾನು ಬರೆದ ಒಂದು ಪುಟಾಣಿ ಸ್ಕ್ರಿಪ್ಟು. ಅದು ಪೋಸ್ಟ್‌ಮ್ಯಾನ್ ಇದ್ದ ಹಾಗೆ. ‘ಉತ್ತರ’ ಒತ್ತಿದಾಗ ನಿನ್ನ ಮಾತು ಡಾಕ್ಟರಿಗೆ ಹೋಗುತ್ತಿರಲಿಲ್ಲ, ಕಾಗದ ತಂದುಕೊಟ್ಟ ಪೋಸ್ಟ್‌ಮ್ಯಾನಿಗೇ ಹೋಗುತ್ತಿತ್ತು. ಅವನ ಡಬ್ಬಿಯನ್ನು ಯಾರೂ ತೆರೆಯುವುದಿಲ್ಲ. ನಿನ್ನೆ ನಾನು ತೆರೆದು ನೋಡಿದೆ. ಅಜ್ಜಿ, “ನಿಮ್ಮ ಬಾಯಲ್ಲಿ ಹಲ್ಲಿದೆಯೋ, ಎಲ್ಲ ಪರರದ್ದು ಕಿತ್ತಿಟ್ಟುಕೊಂಡಿದ್ದೋ?” ಎಂದು ಒಬ್ಬ ಡಾಕ್ಟರಿಗೆ ಬರೆಯುತ್ತಾರೆಯೇ?

ಸಂದೇಶದ ಒಳಗೆ ಅವರವರ ಈಮೇಲ್ ವಿಳಾಸ ಇರುತ್ತದಲ್ಲ, ಇನ್ನು ಮೇಲೆ ಅದು ನೀಲಿ ಬಣ್ಣದಲ್ಲಿ, ಅಡಿಗೆರೆಯ ಜೊತೆ ಬರುತ್ತದೆ. ಅದರ ಮೇಲೆ ಒತ್ತಿದರೆ ಖಾಲಿ ಹಾಳೆ ತೆರೆದುಕೊಳ್ಳುತ್ತದೆ. ಬರೆದು ಕಳಿಸು, ಅಷ್ಟೆ. ‘ಉತ್ತರ’ದ ಕಡೆ ತಿರುಗಿಯೂ ನೋಡಬೇಡ.

ನಿನ್ನ
ಕಡ್ಡಿ


ಮಾರ್ಚ್ ೪

ಕಡ್ಡಿ,

ನೀಲಿ ಎಂದೆಯಲ್ಲ, ಎಲ್ಲಿದೆ ನೀಲಿ? ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಎದುರುಮನೆಯವರ ಗಡಿಯಾರದಲ್ಲಿ ಗಂಟೆ ಕಾಣುತ್ತದೆ, ನಿನ್ನ ನೀಲಿ ಮಾತ್ರ ಕಾಣಲಿಲ್ಲ. ವಿಳಾಸವಿದ್ದ ಜಾಗದಲ್ಲಿ ಈಗ ಜಾತ್ರೆ ನೆರೆದಿದೆ. ಮೊದಲು ಬಲಕ್ಕೆ ತೆರೆದ ಮೀನಿನ ಬಾಯಿ. ಅದರೊಳಗೆ ಒಂಟಿ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅರ್ಥವಾಗದ ಇಂಗ್ಲಿಷ್ ಪದ. ಆಮೇಲೆ ಲೆಕ್ಕದಲ್ಲಿ ಬರುವ ಸಮದ ಗುರುತು, ಜುಟ್ಟಿನಂಥ ಎರಡು ಗೀಟು, ವಿಳಾಸ, ಮತ್ತೆ ಜುಟ್ಟು, ಎಡಕ್ಕೆ ತಿರುಗಿದ ಮೀನು, ಮತ್ತೆ ಅದೇ ವಿಳಾಸ, ಅದರ ಹಿಂದೆ ಮತ್ತೊಂದು ಮೀನು ಕೋಲು ಕಚ್ಚಿಕೊಂಡು ನಿಂತಿದೆ. ನಂಬದಿದ್ದರೆ ಈ ಕಾಗದದ ಹಿಂದೆ ಬರೆದು ಕಳಿಸಿದ್ದೇನೆ, ನೋಡು. ಒತ್ತಿದೆ. ಮೀನನ್ನೂ ಒತ್ತಿದೆ, ಜುಟ್ಟನ್ನೂ ಒತ್ತಿದೆ. ಏನೂ ಅಲ್ಲಾಡಲಿಲ್ಲ.

ಹಾಳಾಗಿ ಹೋಗಲಿ, ವಿಳಾಸವನ್ನು ನಾನೇ ಕುಟ್ಟೋಣವೆಂದು ಕೂತೆ. ನಡುವೆ ಆ ಬಾಲ ಸುತ್ತಿಕೊಂಡ ಅಕ್ಷರ ಬರುತ್ತದಲ್ಲ, ಕೀಲಿಮಣೆಯಲ್ಲಿ ಅದು ಸಿಕ್ಕಿತು, ಆದರೆ ಒತ್ತಿದರೆ ಅದರ ಬದಲು ಎರಡು ಎಂಬ ಅಂಕಿ ಬೀಳುತ್ತದೆ. ಎಷ್ಟು ಒತ್ತಿದರೂ ಎರಡು. ನಿನ್ನಮ್ಮ ಅಡುಗೆಮನೆಯಿಂದ ಬಂದು ಶೆಡ್ಡಿಗೆ ಇಣುಕಿ, “ಅತ್ತೆ, ಅದೇನು ಎರಡೆರಡು ಅಂತ ಒಬ್ಬರೇ ಗೊಣಗ್ತಾ ಇದ್ದೀರಿ?” ಎಂದಳು. “ನನಗೆ ಇಬ್ಬರು ಸೊಸೆಯಂದಿರು ಇದ್ದಿದ್ರೆ ಅಂತ ಯೋಚನೆ ಮಾಡ್ತಿದ್ದೆ,” ಎಂದೆ. ಒಳಗೆ ಹೋದಳು.

ನಿನ್ನಪ್ಪ ಆಕಾಶ ನೋಡಲು ಶುರುಮಾಡಿದ್ದಾನೆ. ಮಳೆಗೆ ಇನ್ನೂ ತಿಂಗಳುಗಟ್ಟಲೆ ಇದೆ, ಆದರೂ ನೋಡುತ್ತಾನೆ. ಬೇಗ ಮಾಡು.

ಅಜ್ಜಿ


ಮಾರ್ಚ್ ೧೩

ಅಜ್ಜಿ,

ಮೀನುಗಳ ಚಿತ್ರ ಬಹಳ ಚೆನ್ನಾಗಿತ್ತು, ಗೋಡೆಗೆ ಅಂಟಿಸಿದ್ದೇನೆ.

ಆ ಗುರುತುಗಳು ನಿನಗೆ ಕಾಣಿಸಲೇಬಾರದು. ಅವು ಬಟ್ಟೆಯ ಒಳಗಿನ ಹೊಲಿಗೆ ಇದ್ದ ಹಾಗೆ. ಸಂದೇಶ ಕಳಿಸುವಾಗ ಅದರ ತಲೆಯಲ್ಲಿ ‘ಇದು ಎಚ್‌ಟಿಎಂಎಲ್, ಬರೀ ಅಕ್ಷರವಲ್ಲ’ ಎಂದು ಸ್ಕ್ರಿಪ್ಟು ಒಂದು ಸಾಲು ಸೇರಿಸಿ ಕಳಿಸಬೇಕು. ಆ ಸಾಲು ಇಲ್ಲದಿದ್ದರೆ ನಿನ್ನ ಕಂಪ್ಯೂಟರು ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೋರಿಸುತ್ತದೆ. ಸಾಲು ಬಿಟ್ಟವಳು ನಾನೇ. ಈಗ ಹಾಕಿದ್ದೇನೆ. ಹಳೆಯ ಸಂದೇಶಗಳನ್ನೂ ಮತ್ತೆ ಕಳಿಸಿದ್ದೇನೆ. ನೀಲಿ ಕಂಡರೆ ಒತ್ತು.

ಪಾಪ ಅಮ್ಮ.

ಕಡ್ಡಿ


ಏಪ್ರಿಲ್ ೨೮

ಅಡ್ನಾಡಿ ಕಡ್ಡಿ,

ಕಾಗದದ ಮೊದಲಲ್ಲಿ ನಿನ್ನನ್ನು ಹೊಗಳಬೇಕೆಂದು ಕೂತಿದ್ದೆ. ಹೊಗಳಿ ಆಮೇಲೆ ಬೈಯುತ್ತೇನೆ, ಇರು.

ನೀಲಿ ಬಂತು. ಒತ್ತಿದೆ. ಹಾಳೆ ತೆರೆದುಕೊಂಡಿತು. ಎಲ್ಲರಿಗೂ ಬರೆದೆ. ಮಾರನೆಯ ದಿನದಿಂದ ಉತ್ತರಗಳು ಬಂದವು ನೋಡು! ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ, ಬೆಕ್ಕು ಮಲಗುತ್ತದೆಯೋ ಇಲ್ಲವೋ, ಕೇಳಿದ್ದಕ್ಕೆಲ್ಲ ಜವಾಬು. ಕುರ್ಚಿಗಳೂ ಬಂದವು. ಶೆಡ್ಡಿನಲ್ಲಿ ನನಗೆ ಕಾಲಿಡಲು ಜಾಗವಿಲ್ಲ. ನಿನ್ನಪ್ಪ ಬಾಗಿಲಲ್ಲಿ ನಿಂತು ನೋಡಿ, ಕಾರಿನ ಮೇಲಿನ ಹಕ್ಕಿಯ ಹೊಲಸು ಒರೆಸಲು ಹೋದ. ಅವತ್ತು ಊಟ ರುಚಿಯಾಗಿತ್ತು, ನಿನ್ನಮ್ಮನಿಗೂ ಹೇಳಿದೆ. ಅವಳು ಹೆದರಿದಳು.

ಆದರೆ ಬಂದವರೆಲ್ಲ ನನ್ನನ್ನು ಏನೋ ಒಂದು ಥರ ನೋಡುತ್ತಿದ್ದರು ಕಣೇ. ತಿಂಡಿ ಅಂಗಡಿಯವನು ಚಪ್ಪಲಿ ಬಿಟ್ಟು ಒಳಗೆ ಬಂದ. ಇದು ಶೆಡ್ಡು ಮಾರಾಯ, ಬೆತ್ತದ ಸಿಬಿರು ಚುಚ್ಚುತ್ತದೆ ಎಂದರೂ ಕೇಳಲಿಲ್ಲ. ನಿನ್ನೆ ಡಾಕ್ಟರು ತಮ್ಮ ಕುರ್ಚಿ ಒಯ್ಯಲು ಬಂದರು. ಕೈ ಮುಗಿದು, “ಅಜ್ಜಿ, ನಿಮ್ಮ ಕಾಗದ ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳ್ದೆ. ಈ ಕಾಲದಲ್ಲಿ ಇಂಥ ವಿನಯ ಎಲ್ಲಿದೆ ಹೇಳಿ,” ಎಂದರು.

“ಏನು?” ಎಂದೆ.

“ವಿನಯ.”

“ಯಾರಿಗೆ?”

ಅವರು ಫೋನು ತೆಗೆದು ಓದಿದರು. ‘ಮಾನ್ಯರೇ, ತಮ್ಮ ಕುರ್ಚಿಯ ಸೇವೆಗೆ ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞಳು. ಅದರಲ್ಲಿ ಆಸೀನರಾಗುವವರ ವಿವರವನ್ನು ಬಿಡುವಾದಾಗ ತಿಳಿಸಿದರೆ ಮಹದುಪಕಾರ.’

ನಾನು ಬರೆದದ್ದು ಏನು ಗೊತ್ತೇ? ‘ಕುರ್ಚಿ ತಾನಾಗಿ ಹರಿಯುವುದಿಲ್ಲ. ಯಾರು ಕೂತು ಹರಿದಿರಿ, ಎಷ್ಟು ಭಾರ, ಮುಚ್ಚಿಡದೆ ಹೇಳಿ.’ ಎಷ್ಟು ಚೊಕ್ಕವಾಗಿತ್ತು! ಅದಕ್ಕೆ ಈ ಪಾಯಸ ಕಾಯಿಸಿದವರು ಯಾರು? ಆಸೀನರಂತೆ. ನಾನು ಹುಟ್ಟಿದಂದಿನಿಂದ ಒಬ್ಬರೂ ನನ್ನೆದುರು ಆಸೀನರಾಗಿಲ್ಲ, ಎಲ್ಲರೂ ಕೂತಿದ್ದಾರೆ.

ಡಾಕ್ಟರು ನನ್ನ ಕಂಪ್ಯೂಟರಿನ ಮುಂದೆ ಕೂತರು. ನೀಲಿ ವಿಳಾಸದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದರು, ಒತ್ತಲಿಲ್ಲ. ಪರದೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ವಿಳಾಸ ಮೂಡಿತು. “ಅಜ್ಜಿ, ಮೇಲೆ ಕಾಣೋದು ನನ್ನ ವಿಳಾಸ, ಒತ್ತಿದ್ರೆ ಹೋಗೋದು ಬೇರೆ ಯಾರಿಗೋ,” ಎಂದರು. ಆ ಬೇರೆ ಯಾರೋ ನೀನು. ಹಾಳೆ ತೆರೆದಾಗ ತಲೆಯ ಮೇಲೆ ಯಾರ ವಿಳಾಸವಿದೆ ಎಂದು ನಾನು ನೋಡಿದವಳಲ್ಲ, ನೋಡಬೇಕೆಂದು ಹೇಳಿಕೊಟ್ಟವರೂ ಇಲ್ಲ. ಮುಖಕ್ಕೆ ಡಾಕ್ಟರು, ಹಿಂದೆ ಮೊಮ್ಮಗಳು! ನನ್ನ ಬಾಯಿಂದ ಬಿದ್ದದ್ದನ್ನೆಲ್ಲ ಹಿಡಿದು, ತೊಳೆದು, ಸಕ್ಕರೆ ಬೆರೆಸಿ, ನನ್ನ ಹೆಸರು ಹಾಕಿ ಕಳಿಸಿದ್ದೀಯ.

ಅದನ್ನು ತಕ್ಷಣ ಕಿತ್ತುಹಾಕು. ನಾನು ಯಾರಿಗೆ ಬರೆದೆನೋ ಅವರಿಗೇ ಹೋಗಬೇಕು, ಬರೆದ ಹಾಗೇ ಹೋಗಬೇಕು.

ಬಾಯಿ ಇರುವ,
ಅಜ್ಜಿ


ಮೇ ೭

ಅಜ್ಜಿ,

ಮೊದಲು ಅದು ನಿಜವಾಗಿಯೂ ತಪ್ಪೇ. ಬಿಟ್ಟಿದ್ದ ಸಾಲು ಹಾಕಿದ ಮೇಲೆ, ನೀಲಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಒಳಗಡೆ ನನ್ನ ವಿಳಾಸ ಹಾಕಿದ್ದೆ, ತೆಗೆಯಲು ಮರೆತೆ. ಹಾಗಾಗಿ ನಿನ್ನ ಮೊದಲ ಕಾಗದ ನನಗೆ ಬಂತು. ಅದನ್ನು ಓದಿದ ಮೇಲೆ ತೆಗೆಯಲು ಧೈರ್ಯ ಬರಲಿಲ್ಲ.

ಸಂಗೀತದ ಮೇಡಂಗೆ, ‘ಮಧ್ಯದಲ್ಲಿ ತೂತು ಬಿದ್ದಿದೆ ಎಂದರೆ ಕುರ್ಚಿಯ ಮೇಲೆ ನಿಂತಿದ್ದೀರಿ, ನಿಂತು ಹಾಡುವ ಚಟವಿದ್ದರೆ ನೆಲ ಇಲ್ಲವೇ?’ ಎಂದು ಬರೆದಿದ್ದೆ. ಅದು ಹಾಗೇ ಹೋಗಿದ್ದರೆ ಅವರು ಬರುತ್ತಿದ್ದರೇ? ಅಪ್ಪ ಹೇಳಿದ್ದನ್ನು ನೀನೇ ಬರೆದಿದ್ದೀಯ, ಕೆಲಸ ಬಂದರೆ ಶೆಡ್ ನಿನ್ನದು. ನನಗೆ ಬೇಕಿದ್ದದ್ದು ಅಷ್ಟೇ. ನೀನು ಆ ಶೆಡ್ಡಿನಲ್ಲಿ ಕೂತಿಲ್ಲದ ಮನೆಗೆ ಬರಲು ನನಗೆ ಇಷ್ಟವಿಲ್ಲ ಅಜ್ಜಿ.

ಹೇಳಿದ ಹಾಗೆ ಸರಿಮಾಡಿದ್ದೇನೆ. ಈಗ ಮೇಲೆ ಯಾರ ವಿಳಾಸ ಕಾಣುತ್ತದೋ ಕೆಳಗೂ ಅವರೇ ಇದ್ದಾರೆ. ಒತ್ತಿದರೆ ಸೀದಾ ಹೋಗುತ್ತದೆ, ನಡುವೆ ನಾನಿಲ್ಲ. ಬರೆಯುವ ಮುಂಚೆ ಒಂದು ಲೋಟ ನೀರು ಕುಡಿ, ಇಷ್ಟೇ ನನ್ನ ಬೇಡಿಕೆ.

ಕಡ್ಡಿ


ಜೂನ್ ೧

ಕಡ್ಡಿ,

ನೀರು ಕುಡಿದೇ ಬರೆದೆ. ಏನೂ ವ್ಯತ್ಯಾಸವಾಗಲಿಲ್ಲ.

ತಿಂಡಿ ಅಂಗಡಿಯವನು ಇನ್ನೂ ಕುರ್ಚಿಗಳಿವೆ ಎಂದಿದ್ದವನು ಈಗ ಇಲ್ಲ ಎನ್ನುತ್ತಾನೆ. ‘ಗಿರಾಕಿ ಬೇಗ ಎದ್ದುಹೋಗಲೆಂದು ಸಡಿಲ ಕುರ್ಚಿ ಹಾಕಿದ್ದೀರೋ, ಇಲ್ಲ ಜಿಪುಣತನವೋ?’ ಎಂದು ಕೇಳಿದ್ದೆ, ಅಷ್ಟೇ. ಫೋಟೋ ಅಂಗಡಿಯವಳು ಒಬ್ಬಳು ಹೊಸದಾಗಿ ಬರೆದಿದ್ದಳು, ನನ್ನ ಉತ್ತರ ಓದಿ, ‘ಬೇರೆ ಕಡೆ ನೋಡಿಕೊಳ್ಳುತ್ತೇನೆ’ ಎಂದಳು. ನೋಡಿಕೊಳ್ಳಲಿ, ಸುತ್ತಮುತ್ತ ಬೆತ್ತ ಹೆಣೆಯುವವರು ಬೇರೆ ಯಾರೂ ಇಲ್ಲ.

ಸಂಗೀತದ ಮೇಡಂ ಇನ್ನೊಂದು ಕುರ್ಚಿಯ ವಿಷಯ ಬರೆದಿದ್ದರು. ಅದಕ್ಕೂ ಅದೇ ಪ್ರಶ್ನೆ ಹಾಕಿದೆ. ಮಧ್ಯಾಹ್ನ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಜಗಳಕ್ಕೇ ಬಂದರು. “ಯಾರ್ರೀ ನಿಂತಿದ್ದು? ನೋಡಿ ಇಲ್ಲಿ, ಎಲ್ಲಿದೆ ಕಾಲಿನ ಗುರುತು? ಮೊದಲಿನ ಕಾಗದದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರಿ!” ತಿರುಗಿಸಿ ನೋಡಿದೆವು. ಚೌಕಟ್ಟಿನ ಮೇಲೆ ಅಚ್ಚು ಒತ್ತಿದ ಹಾಗೆ ಇತ್ತು, ಬೂಟು. ಮೇಡಂ ಗೇಣು ಹಾಕಿ ಅದರ ಉದ್ದ ಅಳೆದರು. “ನಮ್ಮನೆಯವರದ್ದು,” ಎಂದರು. “ಫ್ಯಾನು ಒರೆಸ್ತೀನಿ ಅಂತಿದ್ರು.” ಆಮೇಲೆ ಕೂತು ನೀರು ಕುಡಿದು, ಗಂಡನನ್ನು ಬೈಯಲು ನನ್ನಿಂದ ಒಂದೆರಡು ಮಾತು ಕಲಿತುಕೊಂಡು ಹೋದರು. ಕುರ್ಚಿ ಇಲ್ಲೇ ಇದೆ.

ಅದೊಂದೇ ಇರುವುದು. ಉಳಿದದ್ದೆಲ್ಲ ಹೆಣೆದು ಕೊಟ್ಟಾಯಿತು. ನಿನ್ನಪ್ಪ ಇವತ್ತು ಅಳತೆಯ ಟೇಪು ಹಿಡಿದು ಶೆಡ್ಡಿನ ಉದ್ದ ಅಳೆದ. ನಾನು ಕೂತಿದ್ದಲ್ಲಿಗೆ ಬಂದಾಗ, “ಸ್ವಲ್ಪ ಕಾಲು ಎತ್ತಮ್ಮ,” ಎಂದ. ಎತ್ತಿದೆ. ಮೋಡ ಬಂದು ಬಂದು ಹೋಗುತ್ತಿದೆ.

ಮತ್ತೆ ಸಿಹಿ ಮಾಡಿ ಕಳಿಸಲೇ ಎಂದು ಕೇಳಬೇಡ. ಬೇರೆ ಯಾರೋ ಉಳಿಸಿದ ಜಾಗದಲ್ಲಿ ನಾನು ಹೇಗೆ ಕೂರಲಿ? ಈ ಸಲ ನನಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಅಜ್ಜಿ


ಜೂನ್ ೨೪

ಕಡ್ಡಿ,

ಮಳೆ ಹಿಡಿದುಕೊಂಡಿತು. ಕಾರು ಶೆಡ್ಡಿನ ಒಳಗಿದೆ. ಅಳಬೇಡ, ಪೂರ್ತಿ ಓದು.

ಮಳೆಗೆ ಮುಂಚೆ ಕೊನೆಯದಾಗಿ ಒಂದು ಸಂದೇಶ ಬಂತು. ಹೆಸರಿನ ಜಾಗದಲ್ಲಿ ‘ಒಬ್ಬ ಗ್ರಾಹಕ’ ಎಂದಿತ್ತು. ‘ನನ್ನಲ್ಲಿ ಒಂದು ಹಳೆಯ ಬೆತ್ತದ ಕುರ್ಚಿ ಇದೆ. ಯಾವಾಗ ಹೆಣೆಸಿದರೂ ಬಲಗಡೆಯ ಮುಂದಿನ ಮೂಲೆಯೇ ಹರಿಯುತ್ತದೆ. ಕೂರುವವನು ನಾನೊಬ್ಬನೇ. ನಿಮ್ಮ ಬಾಯಿಯ ಬಗ್ಗೆ ಕೇಳಿದ್ದೇನೆ, ದಯವಿಟ್ಟು ಸಭ್ಯವಾಗಿ ಉತ್ತರಿಸಿ.’ ಹೊಸ ವಿಳಾಸ, ನಾನೆಂದೂ ಕಂಡದ್ದಲ್ಲ.

ಬಲಗಡೆಯ ಮುಂದಿನ ಮೂಲೆ! ಅಲ್ಲ ಕಣೇ, ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ. ಇಷ್ಟು ವರ್ಷ ಅದರ ಮೇಲೆ ಕಾಲಿಟ್ಟು ಇಟ್ಟು ನಿನ್ನಪ್ಪನಿಗೆ ಅದೇ ಅಭ್ಯಾಸ. ಊಟಕ್ಕೆ ಕೂತರೂ ಬಲಗಾಲು ನೆಲವನ್ನು ಒತ್ತುತ್ತದೆ, ಟೀವಿಯಲ್ಲಿ ಲಾರಿ ಬಂದರೂ ಒತ್ತುತ್ತದೆ. ಭಾರವೆಲ್ಲ ಆ ತೊಡೆಯ ಕೆಳಗೇ. ನನ್ನನ್ನು ಸಿಕ್ಕಿಸಲು ಗ್ರಾಹಕನ ವೇಷ! ನಾನು ಬೈದರೆ, ‘ನೋಡು, ಹೀಗೆ ಬರೆದರೆ ಯಾರು ಬರುತ್ತಾರೆ’ ಎಂದು ಮುಂದೆ ಹಿಡಿಯಬಹುದಲ್ಲ.

ನೀಲಿ ಒತ್ತಿದೆ. ಈ ಸಲ ಹಾಳೆಯ ತಲೆಯಲ್ಲಿ ಯಾರ ವಿಳಾಸವಿದೆಯೆಂದು ನೋಡಿಕೊಂಡೆ. ಹೀಗೆ ಬರೆದೆ:

‘ಗ್ರಾಹಕರೇ, ಬೆತ್ತದ್ದು ತಪ್ಪಿಲ್ಲ. ನಿಮ್ಮ ಕಾಲು ಸದಾ ಬ್ರೇಕ್ ಒತ್ತುತ್ತಿದೆ. ರಸ್ತೆಯಲ್ಲಿ ಒತ್ತಿ, ಅದು ನಿಮ್ಮ ಕಸುಬು. ಮನೆಯಲ್ಲಿ ಏನು ಎದುರು ಬರುತ್ತಿದೆ ಎಂದು ಒತ್ತುತ್ತೀರಿ? ನಿಮ್ಮ ತಾಯಿ ಎದುರು ಕೂತಾಗ ಇನ್ನೂ ಜೋರಾಗಿ ಒತ್ತುತ್ತೀರಿ, ನಾನು ನೋಡಿದ್ದೇನೆ. ಕುರ್ಚಿ ತನ್ನಿ. ಇದಕ್ಕಿಂತ ಸಭ್ಯವಾಗಿ ನನಗೆ ಬರುವುದಿಲ್ಲ.’

ಕಳಿಸಿದ್ದೇ ತಡ, ಹೊರಗೆ ಮರದಡಿ ನಿಂತ ಕಾರಿನೊಳಗೆ ಫೋನು ಟಿಣ್ ಎಂದಿತು. ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಆಮೇಲೆ ಮೆಲ್ಲಗೆ ಶೆಡ್ಡಿಗೆ ಬಂದ. ಬೈಸಿಕೊಂಡ ಮುಖವಲ್ಲ, ಸಿಕ್ಕಿಬಿದ್ದ ಮುಖ.

“ಗೊತ್ತಾಗ್ಬಿಡ್ತಾ?”

“ನಿನ್ನ ಕೂರಿಸಿ ಬೆಳೆಸಿದ್ದು ಯಾರೋ?”

“ಅಮ್ಮ, ಶೆಡ್ ಕೇಳಿದ್ದು ಕಾರಿಗೋಸ್ಕರ ಅಲ್ಲ, ಅದಕ್ಕೆ ಒಂದು ಹೊದಿಕೆ ಹಾಕಿದ್ರೂ ಸಾಕಿತ್ತು. ಮಳೆಗಾಲದಲ್ಲಿ ಇಲ್ಲಿ ಬೆಳಕೇ ಇರಲ್ಲ. ಆ ಕಣ್ಣಿಗೆ ಆಪರೇಷನ್ ಆಗಿದೆ, ನೀನು ಆ ತೂತುಗಳಲ್ಲಿ ಮೂಗು ಇಟ್ಕೊಂಡು ಕೂರ್ತೀಯ. ಶೆಡ್ಡೇ ಇಲ್ದಿದ್ರೆ ಸುಮ್ಮನೆ ಕೂರ್ತೀಯೇನೋ ಅಂತ.”

“ಸುಮ್ಮನೆ ಕೂರೋಕೆ ನಾನೇನು ಗಿರಾಕಿಯೇನೋ?” ಎಂದೆ. “ಕಣ್ಣಿನ ವಿಷಯ ಕಣ್ಣಿನ ವಿಷಯ ಅಂತ ಹೇಳ್ಬಾರ್ದಿತ್ತಾ? ಕಾರಿನ ಹೆಸರು ಯಾಕೆ ಹೇಳ್ದೆ?”

“ನಿನ್ನ ಕಣ್ಣು ಅಂದ್ರೆ ನನ್ನ ಬೈತೀಯ. ಕಾರು ಅಂದ್ರೆ ಅದನ್ನ ಬೈತೀಯ.”

ನಿಜವೇ. ಕಾರನ್ನು ಎಷ್ಟು ಬೈದೆನೋ ಲೆಕ್ಕವಿಲ್ಲ.

ಕುರ್ಚಿ ತಂದ. ಶೆಡ್ಡಿನ ವಿಷಯಕ್ಕೆ ಇಬ್ಬರೂ ಅರ್ಧ ದಿನ ಕಿತ್ತಾಡಿದೆವು. ನಿನ್ನಮ್ಮ ನಡುವೆ ಬಂದು, “ಕಾರು, ಕುರ್ಚಿ ಎರಡೂ ಹಿಡಿಯಲ್ವಾ ಒಳಗೆ?” ಎಂದಳು. ಅಳೆದು ಸುಸ್ತಾಗಿದ್ದ ಮಹಾನುಭಾವನಿಗೆ ಇದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸೊಸೆಯನ್ನು ಹೊಗಳಿದೆ ಎಂದು ನೀನು ಯಾರಿಗೂ ಬರೆಯಬೇಡ.

ಈಗ ಹೀಗಿದೆ. ಕಾರಿನ ಮೂತಿ ಶೆಡ್ಡಿನ ಒಳಗೆ, ಬಾಲ ಹೊರಗೆ ನೆನೆಯುತ್ತದೆ. ಅದರ ಮುಂದೆ ನನ್ನ ಮಣೆ, ಬೆತ್ತ ನೆನೆಹಾಕಿದ ತೊಟ್ಟಿ, ಕುರ್ಚಿಗಳು. ಮೋಡ ಮುಚ್ಚಿ ಹಗಲೇ ಕಪ್ಪಾದರೆ ನಿನ್ನಪ್ಪ ಕಾರಿನೊಳಗೆ ಕೂತು ಎರಡೂ ದೀಪ ಹಾಕುತ್ತಾನೆ. ಎಂಥ ಬೆಳಕು ಅಂತೀಯ! ಓರೆ ಎಳೆ ಹಾಕುವಾಗ ಒಂದೊಂದು ತೂತೂ ನನ್ನನ್ನು ನೋಡಿ ನಗುವ ಹಾಗೆ ಕಾಣುತ್ತದೆ. ಕಣ್ಣಿಗೆ ಹೊಡೆಯುತ್ತಿದೆ ಎಂದರೆ ಇಳಿಸುತ್ತಾನೆ, ಸಾಲದು ಎಂದರೆ ಏರಿಸುತ್ತಾನೆ. ಹಾರ್ನ್ ಮಾತ್ರ ಮಾಡಬಾರದೆಂದು ಹೇಳಿದ್ದೇನೆ. ಮೊದಲ ದಿನವೇ ಬ್ಯಾಟರಿ ಇಳಿದುಹೋಗಿ, ಮಾರನೆಯ ಬೆಳಿಗ್ಗೆ ಕಲಿಯಲು ಬಂದವರು ಮೊದಲು ಕಾರು ತಳ್ಳುವುದನ್ನು ಕಲಿತರು. ಅವರಲ್ಲಿ ಒಬ್ಬಳು ತಳ್ಳುತ್ತಾ ಶೆಡ್ಡಿನೊಳಗೆ ಇಣುಕಿ ತನ್ನ ಮನೆಯಲ್ಲೂ ಹರಿದ ಕುರ್ಚಿಗಳಿವೆ ಎಂದಳು. ಯಾರು ಕೂರುತ್ತಾರೆ ಎಂದು ಅಲ್ಲೇ ಕೇಳಿದೆ. ಅವಳೂ ಅಲ್ಲೇ ಹೇಳಿದಳು, ನೀಲಿಯೂ ಬೇಕಾಗಲಿಲ್ಲ.

ಈಗಲೂ ದೀಪ ಉರಿಯುತ್ತಿದೆ, ಆ ಬೆಳಕಿನಲ್ಲೇ ಬರೆಯುತ್ತಿದ್ದೇನೆ. ನಿನ್ನಪ್ಪ ಸ್ಟಿಯರಿಂಗಿನ ಮೇಲೆ ಗಲ್ಲ ಇಟ್ಟುಕೊಂಡು ನಿದ್ದೆ ಹೋಗಿದ್ದಾನೆ. ಅವನ ಕುರ್ಚಿಗೆ ಬಲಮೂಲೆಯಲ್ಲಿ ದಪ್ಪ ಎಳೆ ಹಾಕುತ್ತಿದ್ದೇನೆ, ಒತ್ತಿಕೊಳ್ಳಲಿ ಎಷ್ಟು ಬೇಕಾದರೂ.

ಈ ತಿಂಗಳು ಮುಗಿಯುವುದರೊಳಗೆ ಉತ್ತರ ಬರೆ. ಕಾಗದದಲ್ಲಿ, ನಿನ್ನ ಕೈಯಲ್ಲಿ, ಸಕ್ಕರೆ ಬೆರೆಸದೆ ಬರೆ. ಮುಂದಿನ ತಿಂಗಳಿಗೆ ಕಾಲಿಟ್ಟೆಯೋ, ಆ ಔಷಧಿ ಅಂಗಡಿಯ ವಿಳಾಸ ನನಗೆ ಗೊತ್ತಿದೆ, ಅದರ ಮಾಲೀಕರಿಗೇ ಸೀದಾ ಬರೆಯುತ್ತೇನೆ.

ನಿನ್ನಜ್ಜಿ